ಮಕ್ಕಳಿಗೆ ಚುನಾವಣೆಯ ಪದಪಾಠ

ರಾಮನಗರ: ಚುನಾವಣೆ ಬಂತೆಂದರೆ ಪ್ರಚಾರ ವಾಹನಗಳ ಹಿಂದೆ ಓಡುವವರಲ್ಲಿ ಮಕ್ಕಳೇ ಮೊದಲಿಗರು. ಘೋಷಣೆಗಳು ಅವರಿಗೆ ಬಾಯಿಪಾಠವಾಗುತ್ತವೆ. ಆದರೆ 'ಠೇವಣಿ' ಎಂದರೇನೆಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗದ ಪೋಷಕರು ಹಾಗೂ ಶಿಕ್ಷಕರ ಅನುಕೂಲಕ್ಕಾಗಿ ಕೆಲವು ಪದಗಳ ಅರ್ಥವನ್ನು ಇಲ್ಲಿನ ನಿದರ್ಶನಗಳೊಂದಿಗೆ ನೀಡಲಾಗಿದೆ.

ಮತ: ಈ ಪದಕ್ಕೆ ಧರ್ಮ ಎಂಬ ಅರ್ಥವೂ ಇರುವುದರಿಂದ ಮಕ್ಕಳು ಗೊಂದಲಕ್ಕೀಡಾಗುವುದು ಸಹಜ. ಚುನಾವಣೆಯಲ್ಲಿ ಮತವೆಂದರೆ ಅಭಿಪ್ರಾಯ. ಆಡುಮಾತಿನ 'ಓಟು' ಇದೇ. 18 ವರ್ಷ ತುಂಬಿದ, ಮತದಾರರ ಪಟ್ಟಿಯಲ್ಲಿ ಹೆಸರಿರುವ ನಾಗರಿಕರು ಮತ ಚಲಾಯಿಸಬಹುದು. 1989ಕ್ಕೆ ಮೊದಲು 21 ವರ್ಷ ತುಂಬಬೇಕಿತ್ತು.

ಕ್ಷೇತ್ರ: ಒಬ್ಬ ಪ್ರತಿನಿಧಿಯನ್ನು ಆರಿಸುವ ಪ್ರದೇಶ. ಕ್ಷೇತ್ರವೇ ಬೇರೆ, ಜಿಲ್ಲೆಯೇ ಬೇರೆ. ರಾಮನಗರ ಜಿಲ್ಲೆಗೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಆದರೂ ಇಲ್ಲಿನ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಸೇರಿರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ.

ಉಪಚುನಾವಣೆ: ಅವಧಿಯ ನಡುವೆ ತೆರವಾದ ಸ್ಥಾನಕ್ಕೆ ನಡೆಯುವ ಚುನಾವಣೆ. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ಚನ್ನಪಟ್ಟಣ, ರಾಮನಗರ ಎರಡರಲ್ಲೂ ಗೆದ್ದು ರಾಮನಗರ ಸ್ಥಾನವನ್ನು ತೆರವು ಮಾಡಿದರು. 2024ರಲ್ಲಿ ಅವರು ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದಾಗ ಚನ್ನಪಟ್ಟಣದಲ್ಲಿ ಉಪಚುನಾವಣೆ ನಡೆಯಿತು.

ನಾಮಪತ್ರ ವಾಪಸ್: ನಿಗದಿತ ದಿನದೊಳಗೆ ಸ್ಪರ್ಧೆಯಿಂದ ಹಿಂದೆ ಸರಿಯುವುದು. 2018ರ ರಾಮನಗರ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ ಈ ಗಡುವು ಮುಗಿದ ಮೇಲೆ ಹಿಂದೆ ಸರಿದರು. ಹೀಗಾಗಿ ಅವರ ಹೆಸರು ಮತಯಂತ್ರದಲ್ಲಿ ಹಾಗೆಯೇ ಉಳಿಯಿತು.

ಠೇವಣಿ: ನಾಮಪತ್ರದೊಂದಿಗೆ ಕಟ್ಟುವ ಹಣ. ಸೋತವರು ಇದನ್ನು ಮರಳಿ ಪಡೆಯಲು ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಗಳಿಸಿರಬೇಕು. 2023ರಲ್ಲಿ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ 1,22,392 ಮತಗಳ ಅಂತರದಿಂದ ಗೆದ್ದಾಗ ಪ್ರತಿಸ್ಪರ್ಧಿಗಳೆಲ್ಲ ಠೇವಣಿ ಕಳೆದುಕೊಂಡರು.

ನೋಟಾ: 'ಮೇಲಿನ ಯಾರೂ ಬೇಡ' ಎನ್ನುವ ಆಯ್ಕೆ. 2013ರಲ್ಲಿ ಜಾರಿಗೆ ಬಂದಿತು.

ಅಳಿಸಲಾಗದ ಶಾಯಿ: ಮತದಾರರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ. ತಯಾರಾಗುವುದು ನಮ್ಮ ಮೈಸೂರಿನಲ್ಲಿ; 1962ರಿಂದ ಬಳಕೆಯಲ್ಲಿದೆ.

ಆಮಿಷ: ಮತಕ್ಕಾಗಿ ನೀಡುವ ಹಣ, ಸೀರೆ, ಮದ್ಯ ಇತ್ಯಾದಿ. ಕೊಡುವುದೂ ಪಡೆಯುವುದೂ ಅಪರಾಧ.

ಪದಗಳನ್ನು ಉರು ಹೊಡೆಸುವುದಕ್ಕಿಂತ ಆಡಿಸಿ ಕಲಿಸುವುದು ಸುಲಭ. ಚನ್ನಪಟ್ಟಣದ ಮರದ ಬುಗುರಿ, ಕುದುರೆ, ಗಿಲಕಿಗಳನ್ನು ಚಿಹ್ನೆಗಳನ್ನಾಗಿ ಇಟ್ಟು, ಮೂವರು ಮಕ್ಕಳನ್ನು ಅಭ್ಯರ್ಥಿಗಳನ್ನಾಗಿ ನಿಲ್ಲಿಸಿ. ಉಳಿದವರು ಹಲಗೆಯ ಮರೆಯಲ್ಲಿ ಒಬ್ಬೊಬ್ಬರಾಗಿ ಚೀಟಿಯಲ್ಲಿ ಚಿಹ್ನೆ ಬರೆದು ಡಬ್ಬಿಗೆ ಹಾಕಲಿ. ಯಾರಿಗೆ ಹಾಕಿದೆ ಎಂದು ಕೇಳಬಾರದು. ಅದೇ ಗುಪ್ತ ಮತದಾನ. ಎಣಿಕೆಗೆ ಮೊದಲು, ಮಿಠಾಯಿ ಕೊಡುತ್ತೇನೆಂದು ಯಾರಾದರೂ ಓಟು ಕೇಳಿದರೇ ಎಂದು ವಿಚಾರಿಸಿ. ಉತ್ತರ 'ಹೌದು' ಎಂದಾದರೆ ಆಮಿಷದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.

'ಮತದಾನ' ಎಂಬ ಪದದಲ್ಲಿ ದಾನವಿದೆ. ದಾನಕ್ಕೆ ಬೆಲೆ ಪಡೆದರೆ ಅದು ಮಾರಾಟವಾಗುತ್ತದೆ. ಇಷ್ಟನ್ನು ಅರಿತ ಮಗು ಸಂಜೆ ಮನೆಯಲ್ಲಿ ಹಿರಿಯರಿಗೆ ಕೇಳುವ ಪ್ರಶ್ನೆಗೆ ಉತ್ತರಿಸಲು ನಾವೂ ಸಿದ್ಧರಿರಬೇಕಾಗುತ್ತದೆ.