ಜಮಾಬಂದಿಯ ದಿನ

ತೆಂಗಿನ ತೋಟಗಳ ನಡುವಿನ ಹೊನ್ನವಳ್ಳಿ ಇಂದು ತಿಪಟೂರು ತಾಲ್ಲೂಕಿನ ಒಂದು ಹೋಬಳಿ. 19ನೇ ಶತಮಾನದಲ್ಲಿ ಇದೇ ತಾಲ್ಲೂಕು ಕೇಂದ್ರವಾಗಿತ್ತು, ಅಮಲ್ದಾರರ ಕಚೇರಿ ಇಲ್ಲಿತ್ತು. ಮುಂದೆ ಕಚೇರಿ ತಿಪಟೂರಿಗೆ ಹೋಯಿತು.

ಆ ಅಮಲ್ದಾರರ ಕೈಕೆಳಗಿನವರಲ್ಲಿ ಬಹುಮಂದಿ ಅವರ ಕಣ್ಣೆದುರಿಗೆ ಇರುತ್ತಿರಲಿಲ್ಲ. ವಸೂಲಿಗೆ ಹಳ್ಳಿಯ ಪಟೇಲರು, ಲೆಕ್ಕಕ್ಕೆ ಶಾನುಭೋಗರು. ಎರಡೂ ವಂಶಪಾರಂಪರ್ಯದ ಹುದ್ದೆಗಳು. ಶಾನುಭೋಗರ ಕಚೇರಿ ಎಂದರೆ ಅವರ ಮನೆಯ ಜಗುಲಿಯೇ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಸಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲವೂ ಒಂದಿತ್ತು. ಮನೆಯಿಂದಲೇ ಕೆಲಸ ಮಾಡುವುದು 2020ರ ಕೊರೊನಾ ತಂದ ಹೊಸ ಪದ್ಧತಿ ಎನ್ನುವವರು ಈ ಶಾನುಭೋಗರನ್ನು ನೆನೆಯಬೇಕು.

ಕಾಗದಪತ್ರಗಳಿಗೇನೂ ಕೊರತೆಯಿರಲಿಲ್ಲ. ಚಿಕ್ಕದೇವರಾಜ ಒಡೆಯರ (1673-1704) ಕಾಲದಿಂದ ಮೈಸೂರಿನಲ್ಲಿ ಅಂಚೆ ಇತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಕುಳಿತೇ ಇಡೀ ಸಂಸ್ಥಾನ ಆಳಿದ್ದು ಬಹುಪಾಲು ಬರಹದ ಮೂಲಕ. ಆದರೂ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಲೇಬೇಕಿತ್ತು. 'ಜಮಾ' ಎಂದರೆ ಒಟ್ಟು ಕಂದಾಯ, 'ಬಂದಿ' ಎಂದರೆ ಅದನ್ನು ನಿಗದಿಮಾಡುವುದು. ಮೇಲಧಿಕಾರಿ ಬಂದು ಮೊಕ್ಕಾಂ ಹೂಡಿದಾಗ ಶಾನುಭೋಗರು ಲೆಕ್ಕದ ಕಟ್ಟು ಹೊತ್ತು ಬರುವರು, ಜೊತೆಗೆ ಪಟೇಲರು, ಅಹವಾಲು ಇದ್ದ ರೈತರು. ಹಳ್ಳಿಯ ಲೆಕ್ಕವನ್ನು ತಾಲ್ಲೂಕಿನ ಲೆಕ್ಕದೊಡನೆ ತಾಳೆ ನೋಡಲಾಗುತ್ತಿತ್ತು.

ಹಾಗಾದರೆ ಅಂಚೆಯಲ್ಲಿ ಬಾರದ ಯಾವ ಸಂಗತಿ ಅಲ್ಲಿ ತಿಳಿಯುತ್ತಿತ್ತು? ಬಾಗಾಯ್ತಿನ ಉದಾಹರಣೆಯನ್ನೇ ನೋಡೋಣ. ತೆಂಗಿನ ಸಸಿ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು. ಮಳೆ ಕೈಕೊಟ್ಟರೆ ಬೆಳೆದ ಮರವೂ ಸುಳಿ ಒಣಗಿ ನಿಲ್ಲುತ್ತದೆ. ಲೆಕ್ಕದಲ್ಲಿ ಮಾತ್ರ ಅದು ತೋಟವೇ. ಬಾಕಿ ಎಷ್ಟೆಂದು ಕಾಗದ ಹೇಳೀತು. ಬಾಕಿ ಉಳಿದದ್ದು ಬರದಿಂದಲೋ, ಹಟದಿಂದಲೋ, ಕೊಟ್ಟ ಹಣ ನಡುವೆಯೇ ಇಂಗಿದ್ದರಿಂದಲೋ ಎಂಬುದನ್ನು ಹೇಳದು. ಅಮಲ್ದಾರರಿಗೆ ವರ್ಗವಾಗುತ್ತಿತ್ತು, ಶಾನುಭೋಗರು ತಲೆಮಾರುಗಟ್ಟಲೆ ಅಲ್ಲೇ ಇರುತ್ತಿದ್ದರು. ಹೀಗಾಗಿ ಊರಿನ ನಿಜ ಒಬ್ಬರ ಕೈಯಲ್ಲಿ ಉಳಿಯುವ ಅಪಾಯವಿತ್ತು. ಆ ಒಬ್ಬರ ಎದುರೇ ರೈತ ಬಾಯಿಬಿಡಬಹುದಾದ ಸಂದರ್ಭ ಜಮಾಬಂದಿ. ಅದರ ಬೆಲೆ ಅಧಿಕಾರಿಯ ಹಾಜರಿಗಿಂತ ರೈತನ ಹಾಜರಿಯಲ್ಲಿತ್ತೆಂದು ನನಗೆ ತೋರುತ್ತದೆ.

ಎಲ್ಲ ರೈತರೂ ಬಾಯಿಬಿಟ್ಟರೆಂದಲ್ಲ. ನಾಳೆಯೂ ಅದೇ ಶಾನುಭೋಗರ ಜಗುಲಿಗೆ ಹೋಗಬೇಕಲ್ಲ! ಸಾಹೇಬರ ಮೊಕ್ಕಾಂ ಎಂದರೆ ಹಾಲು, ಸೌದೆ, ಹುಲ್ಲು, ಗಾಡಿ ಒದಗಿಸುವ ಹೊರೆಯೂ ಊರಿನ ಮೇಲೆ ಬೀಳುತ್ತಿತ್ತು. ಮುಖಾಮುಖಿ ಭೇಟಿಗೆ ಖರ್ಚಿದೆ. ಅದನ್ನು ಭರಿಸುವವರು ಸಾಮಾನ್ಯವಾಗಿ ಕರೆದವರಲ್ಲ, ಕರೆಸಿಕೊಂಡವರು. ಮನೆಯಲ್ಲಿದ್ದ ನೌಕರರನ್ನು ಮರಳಿ ಕಚೇರಿಗೆ ಕರೆಯುತ್ತಿರುವ ಬೆಂಗಳೂರಿನ ಕಂಪನಿಗಳಲ್ಲೂ ಮಾತು ಬರುವುದು ಈ ಖರ್ಚಿನ ಬಗ್ಗೆಯೇ. ಬಂದವನು ಬಾಯಿಬಿಡುವಂತಿದೆಯೇ ಎಂದು ಕೇಳುವವರು ಕಡಿಮೆ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯಿದೆಯಂತೆ 1963ರಲ್ಲಿ ರದ್ದಾದವು. ಪಹಣಿ ಕಂಪ್ಯೂಟರಿಗೆ ಏರಿತು. ಜಮಾಬಂದಿ ಎಂಬ ಮಾತು ಮಾತ್ರ ಗ್ರಾಮ ಪಂಚಾಯಿತಿಗಳಲ್ಲಿ ಉಳಿದಿದೆ. ಅಲ್ಲಿ ವರ್ಷಕ್ಕೊಮ್ಮೆ ಹೊರಗಿನ ಅಧಿಕಾರಿ ಬಂದು ಜಮಾಖರ್ಚನ್ನು ಜನರ ಎದುರು ಪರಿಶೀಲಿಸುತ್ತಾರೆ, ಪುಸ್ತಕದಲ್ಲಿರುವ ಚರಂಡಿ ಬೀದಿಯಲ್ಲೂ ಇದೆಯೇ ಎಂದು ನೋಡಲು ಎದ್ದು ಹೊರಡುತ್ತಾರೆ.