ಲಿಂಡ್‌ಬರ್ಗ್ ಕೂಡ ಪಾಠಕ್ಕೆ ಕೂತಿದ್ರು (ಗ್ರೌಂಡ್ ಸ್ಕೂಲ್ ಇತಿಹಾಸ, ಭಾಗ 4)

ಮೊದಲ ಫೋಟೋದಲ್ಲಿರೋ ಚಕ್ರ ನಮ್ಮ ಬ್ಯಾಚ್‌ನವರಿಗೆಲ್ಲ ಗೊತ್ತು. ಹೊಸಬರಿಗೆ ಹೇಳ್ತೀನಿ: ಇದರ ಹೆಸರು ನ್ಯಾವಿಗೇಷನ್ ಕಂಪ್ಯೂಟರ್. ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಡಿಜಿಸಿಎ ನ್ಯಾವಿಗೇಷನ್ ಪೇಪರ್‌ನಲ್ಲಿ 70% ಬರಬೇಕು ಅಂದ್ರೆ ಇದನ್ನ ತಿರುಗಿಸಿ ತಿರುಗಿಸಿ ಕೈ ಪಳಗಿರಬೇಕು. "ವಿಮಾನದಲ್ಲಿ ಎಲ್ಲಾ ಕಂಪ್ಯೂಟರೇ ಮಾಡುತ್ತಲ್ಲ, ಇದ್ಯಾಕೆ ಗುರು?" ಅಂತ ಕ್ಲಾಸಲ್ಲಿ ದಿನಕ್ಕೊಬ್ರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಭಾಗ.

1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬರೇ ಹಾರಿದ್ರು. 33 ಗಂಟೆಗೂ ಹೆಚ್ಚು ಹೊತ್ತು. ದಿಕ್ಕು, ವೇಗ, ಕಳೆದ ಸಮಯ, ಇಷ್ಟರ ಮೇಲೆ ಲೆಕ್ಕ ಹಾಕಿಕೊಂಡು ಸಾಗರ ದಾಟಿದ್ದು. ಜಗತ್ತೇ ಹೊತ್ತು ಮೆರೆಸಿತು. ಮರುವರ್ಷ ಹವಾನಾದಿಂದ ಅಮೆರಿಕಕ್ಕೆ ವಾಪಸ್ ಬರುವಾಗ ದಿಕ್ಸೂಚಿ ಕೈಕೊಟ್ಟು ಅದೇ ಲಿಂಡ್‌ಬರ್ಗ್ ದಾರಿ ತಪ್ಪಿದ್ರು! ಆಮೇಲೆ ಏನು ಮಾಡಿದ್ರು ಅನ್ನೋದೇ ನನಗೆ ಅಟ್ಲಾಂಟಿಕ್ ಕಥೆಗಿಂತ ಇಷ್ಟ. ಪಿ.ವಿ.ಎಚ್. ವೀಮ್ಸ್ ಅನ್ನೋ ನೌಕಾಪಡೆ ಅಧಿಕಾರಿ ಹತ್ತಿರ ಹೋಗಿ ಪಾಠಕ್ಕೆ ಕೂತ್ರು. ಹಡಗಿನವರು ನಕ್ಷತ್ರ ನೋಡಿ ಜಾಗ ಗುರುತಿಸೋಕೆ ಪುಟಗಟ್ಟಲೆ ಲೆಕ್ಕ ಮಾಡ್ತಿದ್ರು. ಅಷ್ಟರಲ್ಲಿ ವಿಮಾನ ಎಲ್ಲೋ ಹೋಗಿರುತ್ತೆ. ಆ ಲೆಕ್ಕವನ್ನ ಚಿಕ್ಕದು ಮಾಡಿದವರೇ ವೀಮ್ಸ್.

ವಿಮಾನಕ್ಕೆ ಇನ್ನೊಂದು ತಲೆನೋವು, ಗಾಳಿ. ನೀವು ಮೂಗು ನೇರ ಉತ್ತರಕ್ಕೆ ಇಟ್ಟು ಹಾರ್ತಾ ಇದೀರಿ, ಪಶ್ಚಿಮದಿಂದ 20 ನಾಟ್ ಗಾಳಿ. ಒಂದು ಗಂಟೆ ಆದ್ಮೇಲೆ ನೀವು ಅಂದುಕೊಂಡ ಜಾಗಕ್ಕಿಂತ 20 ನಾಟಿಕಲ್ ಮೈಲಿ, ಅಂದ್ರೆ 37 ಕಿ.ಮೀ. ಪೂರ್ವಕ್ಕೆ ಇರ್ತೀರಿ. ನಿಮಗೆ ಏನೂ ಗೊತ್ತಾಗಿರಲ್ಲ. ಈ ಗಾಳಿ ತ್ರಿಕೋನವನ್ನ ಕಾಗದದ ಮೇಲೆ ಎಳೆಯೋ ಬದಲು, ಚಕ್ರ ತಿರುಗಿಸಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಟ್ಟು ಬಿಡಿಸೋ ಉಪಾಯವನ್ನ 1930ರ ದಶಕದಲ್ಲಿ ರೂಪಿಸಿದ್ದು ಫಿಲಿಪ್ ಡಾಲ್ಟನ್ ಅನ್ನೋ ಅಮೆರಿಕನ್. ಸೈನ್ಯ ಅದಕ್ಕೆ ಇಟ್ಟ ಹೆಸರು ಇ-6ಬಿ. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ತಯಾರಾಯ್ತು. ಡಾಲ್ಟನ್ ಅದನ್ನ ನೋಡಲಿಲ್ಲ. 1941ರಲ್ಲಿ ಶಿಷ್ಯನೊಬ್ಬನಿಗೆ ಸ್ಪಿನ್ ಅಭ್ಯಾಸ ಮಾಡಿಸುವಾಗ ವಿಮಾನ ಬಿದ್ದು ತೀರಿಕೊಂಡ್ರು. ನಾವು ಬ್ಯಾಗಲ್ಲಿ ಇಟ್ಕೊಂಡು ಓಡಾಡೋ ಚಕ್ರಗಳೆಲ್ಲ ಅವರ ಚಕ್ರದ ಮರಿಮಕ್ಕಳು.

ಈಗ ಚಕ್ರ ಮಗುಚಿ. ಹಿಂಬದಿಯಲ್ಲಿ ಲೀಟರು, ಕೆಜಿ, ಪೌಂಡು ಪರಿವರ್ತನೆ. "ಇದು ಬರೀ ಮಾರ್ಕ್ಸ್‌ಗೆ" ಅಂತ ಬಾಯಿಪಾಠ ಹೊಡೆಯೋರಿಗೆ ಕೊನೇ ಫೋಟೋ.

1983ರ ಜುಲೈ 23. ಏರ್ ಕೆನಡಾದ ಹೊಸ ಬೋಯಿಂಗ್ 767. ಕೆನಡಾ ಆಗ ತಾನೇ ಮೆಟ್ರಿಕ್‌ಗೆ ಬದಲಾಗ್ತಿತ್ತು. ಇಂಧನದ ಗೇಜ್ ಕೆಟ್ಟಿತ್ತು, ಹಾಗಾಗಿ ಟ್ಯಾಂಕಿಗೆ ಕೋಲು ಇಳಿಸಿ ಅಳೆದು, ಕೈಲೆಕ್ಕ. ಬೇಕಾಗಿದ್ದು 22,300 ಕೆಜಿ. ಲೀಟರನ್ನ ತೂಕಕ್ಕೆ ತಿರುಗಿಸೋಕೆ 1.77ರಿಂದ ಗುಣಿಸಿದ್ರು. ಆ ಸಂಖ್ಯೆ ಸರಿಯಾದದ್ದೇ, ಆದ್ರೆ ಪೌಂಡಿಗೆ. ಕೆಜಿಗೆ ಬೇಕಿದ್ದದ್ದು ಸುಮಾರು 0.8. ಹೆಚ್ಚುಕಮ್ಮಿ 20,000 ಲೀಟರ್ ತುಂಬಿಸಬೇಕಾದಲ್ಲಿ 5,000 ಲೀಟರ್ ಕೂಡ ತುಂಬಲಿಲ್ಲ. ಲೆಕ್ಕವನ್ನ ಮತ್ತೆ ಮತ್ತೆ ನೋಡಿದ್ರು, ಪ್ರತಿಸಲವೂ ಅದೇ 1.77. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಸಿಗೋದಾದ್ರೂ ಹೇಗೆ?

ಆಕಾಶದಲ್ಲೇ ಇಂಧನ ಖಾಲಿಯಾಗಿ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸ ಇತ್ತು. ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯಲ್ಲಿ ಹೇಗೋ ಇಳಿಸಿದ್ರು. 69 ಜನವೂ ಉಳಿದ್ರು.

ನಾಳೆ ಮಾಕ್ ಟೆಸ್ಟ್‌ನಲ್ಲಿ "ಸ್ಪೆಸಿಫಿಕ್ ಗ್ರಾವಿಟಿ 0.8, ಇಂಧನ ಎಷ್ಟು ಲೀಟರ್?" ಬಂದಾಗ, ಆಪ್ಷನ್ ನೋಡೋ ಮೊದಲು ನಿಮ್ಮ ಸಂಖ್ಯೆಯ ಪಕ್ಕ ಯೂನಿಟ್ ಬರೀರಿ.

ಭಾಗ 5: ಕ್ಯೂಎನ್‌ಎಚ್ ಅನ್ನೋ ಮೂರಕ್ಷರ ಹಡಗಿನ ತಂತಿಯಿಲ್ಲದ ಟೆಲಿಗ್ರಾಫ್ ಕಾಲದ ಪದ್ಧತಿಯಿಂದ ನಮ್ಮ ಮೀಟಿಯರಾಲಜಿ ಪೇಪರ್‌ವರೆಗೆ ಬಂದ ದಾರಿ.

#ಗ್ರೌಂಡ್‌ಸ್ಕೂಲ್ #ವಿಮಾನಇತಿಹಾಸ #ಕನ್ನಡದಲ್ಲಿಪೈಲಟ್‌ಪಾಠ