ಜರ್ಮನ್ ಕಲಿಕೆ: ಎ1ನಲ್ಲಿ ಓಟ, ಬಿ1ನಲ್ಲಿ ಪರದಾಟ ಯಾಕೆ?

ಜರ್ಮನಿಯಲ್ಲಿ ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಬೇಕು. ಅದಕ್ಕೂ ಮೊದಲು, ಬಿ1ನಲ್ಲೇ 'ನಿಂತುಬಿಟ್ಟೆ' ಎಂದು ಹಲವು ವಿದ್ಯಾರ್ಥಿಗಳಿಗೆ ಅನಿಸುತ್ತದೆ. ಅನಿಸದೇ ಇರುತ್ತದೆಯೇ? ಗೋಥೆ ಇನ್‌ಸ್ಟಿಟ್ಯೂಟ್‌ನ ಎ1 ಪದಪಟ್ಟಿಯಲ್ಲಿ ಸುಮಾರು 650 ಪದಗಳಿದ್ದರೆ, ಬಿ1ನಲ್ಲಿ ಸುಮಾರು 2,400!

ಬೆಂಗಳೂರಿನ ಇಂದಿರಾನಗರದಲ್ಲೂ ಕೇಂದ್ರವಿರುವ ಈ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಸುವುದು, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿವೆ. ತಲಾ 100 ಅಂಕ, 60 ಬಂದರೆ ಪಾಸ್. ಫೇಲಾದ ಭಾಗವನ್ನಷ್ಟೇ ಮತ್ತೆ ತೆಗೆದುಕೊಳ್ಳಬಹುದು. ಹಾಗಾಗಿ 'ಜರ್ಮನ್ ನನಗೆ ಬರಲ್ಲ' ಎನ್ನುವುದಕ್ಕಿಂತ ಯಾವ ಭಾಗ ಹಿಂದಿದೆ ಎಂದು ನೋಡುವುದು ಲೇಸು.

ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. 'ವೈಲ್' (ಏಕೆಂದರೆ) ಬಂದ ಉಪವಾಕ್ಯದಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ. ತಲೆನೋವು ಲಿಂಗದ್ದು: ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ಮಾತ್ರ ನಪುಂಸಕಲಿಂಗ!